ಮುಂದೆ ಹೋಗುವವಳ ದನಿ

ಜನವರಿ ೧೨, ಭಾನುವಾರ ಬೆಳಿಗ್ಗೆ

ನನ್ನ ಗುಬ್ಬಿಗೆ ಅಮ್ಮನ ನೂರು ಮುತ್ತು. ಈ ಕಾಗದವನ್ನು ನಿನಗೆ ಓದಿ ಹೇಳುತ್ತಿರುವ ನಿನ್ನ ಕೋಣೆಯ ಗೆಳತಿಗೂ ಅದರಲ್ಲಿ ಒಂದೆರಡು ಕೊಡು. ಪಾಪ, ನನ್ನ ಕೋಳಿಕಾಲಿನ ಅಕ್ಷರ ಬಿಡಿಸಿ ಬಿಡಿಸಿ ಅವಳ ಕಣ್ಣೂ ನಿನ್ನದರ ಹಾಗೆ ಆದೀತು ಅಂತ ನೀನೇ ನಗುತ್ತಿದ್ದೆಯಲ್ಲ!

ಅವತ್ತು ಫೋನಿನಲ್ಲಿ ಹೂಂ ಅಂದುಬಿಟ್ಟೆ. ನಿನ್ನ ಮುಂದೆ ದಾರಿ ಕೂಗಿಕೊಂಡು ಸ್ಕೀ ಮಾಡುತ್ತಿದ್ದ ಹುಡುಗಿ ಕಾಲು ಮುರಿದುಕೊಂಡಳು, ಬೇರೆ ಜೊತೆ ಸಿಗದಿದ್ದರೆ ಮಾರ್ಚಿನ ಕಣ್ಣು ಕಾಣದವರ ಸ್ಪರ್ಧೆಯಿಂದ ಹೆಸರು ಹೊಡೆದುಹಾಕುತ್ತಾರೆ, ನೀನೇ ಬಾರಮ್ಮ, ಎಂಥ ಗದ್ದಲದಲ್ಲೂ ನಿನ್ನ ದನಿ ನನಗೆ ಗೊತ್ತಾಗುತ್ತೆ ಅಂತ ನೀನು ಅಂದೆ. ಫೋನಿಟ್ಟ ಮೇಲೆ ಹೆದರಿಕೆ ಶುರುವಾಯಿತು. ನಾನು ಚಿಕ್ಕವಳಿದ್ದಾಗ ಹಳ್ಳಿಯ ಹಿಮದ ಇಳಿಜಾರಿನಲ್ಲಿ ಸ್ಕೀ ಕಟ್ಟಿಕೊಂಡೇ ಶಾಲೆಗೆ ಹೋಗುತ್ತಿದ್ದೆ, ನಿಜ. ಆದರೆ ಆಗ ನನ್ನ ಬೆನ್ನ ಹಿಂದೆ ಪುಸ್ತಕದ ಚೀಲ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಈಗ ನೀನಿರುತ್ತೀಯ. ಎಡ ಅಂದರೆ ಎಡಕ್ಕೆ, ಬಲ ಅಂದರೆ ಬಲಕ್ಕೆ, ಗಾಳಿಯ ಹಾಗೆ ಬರುತ್ತೀಯ. ನನ್ನದೊಂದು ಮಾತು ತಡವಾದರೆ ಎದುರಿಗೆ ಮರ.

ಮೇಲಿನ ಮನೆಯ ನಿವೃತ್ತ ವ್ಯಾಯಾಮದ ಮಾಸ್ತರು ಗೊತ್ತಲ್ಲ, ನಮ್ಮ ಸೀಟಿ ಮಾಸ್ತರು, ಮೂರು ವಾರದಿಂದ ಅವರ ಕೈಗೆ ಸಿಕ್ಕಿಹಾಕಿಕೊಂಡಿದ್ದೇನೆ. ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂರು ಅಂತಾರೆ. ಮೊದಲ ದಿನ ಹದಿನೆಂಟು ಎಣಿಸುವಷ್ಟರಲ್ಲಿ ನೆಲಕ್ಕೆ ಇಳಿದೆ. ಏನ್ ತಂಗೀ, ನಿಮ್ಮ ಆಸ್ಪತ್ರೆಯ ಒದ್ದೆ ಚಾದರ ಹಗ್ಗದಿಂದ ಜಾರಿದ ಹಾಗೆ ಜಾರ್ತೀಯಲ್ಲ ಅಂತ ನಕ್ಕರು. ಈಗ ನೂರಹತ್ತು ಎಣಿಸುತ್ತೇನೆ. ತೊಡೆಯಲ್ಲಿ ಕೆಂಡ ತುಂಬಿದ ಹಾಗಿರುತ್ತದೆ. ಆಸ್ಪತ್ರೆಯ ಲಾಂಡ್ರಿ ಕೆಲಸದಲ್ಲೂ ಒಂಟಿ ಕಾಲಲ್ಲಿ ನಿಂತೇ ದಿಂಬಿನ ಚೀಲ ಮಡಿಸುತ್ತೇನೆ. ಮೇಲ್ವಿಚಾರಕಿ ನನಗೆ ಕೊಕ್ಕರೆ ಅಂತ ಹೆಸರಿಟ್ಟಿದ್ದಾಳೆ, ಮೀನೇನಾದರೂ ಸಿಕ್ಕಿತಾ ಅಂತ ದಿನಾ ಕೇಳುತ್ತಾಳೆ. ನಾನೂ ನಗುತ್ತೇನೆ. ಆದರೆ ಬಟ್ಟೆ ಒಗೆಯುವ ದೊಡ್ಡ ಯಂತ್ರ ಗಿರ್ರನೆ ತಿರುಗತೊಡಗಿದರೆ ಸಾಕು, ನೀನು ಹಿಂದಿನಿಂದ ಜಾರಿ ಬರುತ್ತಿರುವ ಸದ್ದು ಅನ್ನಿಸಿ ತಿರುಗಿ ನೋಡುತ್ತೇನೆ.

ಕೊನೆಯದು ಮೆಟ್ಟಿಲಿನ ಪಾಠ. ಐದು ಮಹಡಿ ಓಡಿ ಹತ್ತಿ, ಏದುಸಿರು ಇರುವಾಗಲೇ ಇಳಿಯಬೇಕು. ಮಾಸ್ತರು ಕಣ್ಣಿಗೆ ಟವೆಲ್ ಕಟ್ಟಿಕೊಂಡು ನನ್ನ ಹಿಂದೆ ಬರುತ್ತಾರೆ. ನಾನು ಎಡ, ನೇರ, ನಿಲ್ಲಿ ಅಂತ ಕೂಗುತ್ತಾ ಹೋಗಬೇಕು. ಉಸಿರು ಕಾಲಿಗೂ ಸಾಲಬೇಕು, ಬಾಯಿಗೂ ಉಳಿಯಬೇಕು, ಅದೇ ಪರೀಕ್ಷೆ ಅಂತಾರೆ. ಎಲ್ಲ ಚೆನ್ನಾಗಿಯೇ ನಡೆದಿದೆ. ನಿನ್ನೆಯಿಂದ ಮಾಸ್ತರ ಹಣೆಗೆ ಒಂದು ಪಟ್ಟಿ ಇದೆ. ಬಚ್ಚಲ ಬಾಗಿಲು ತಾಗಿತಂತೆ, ವಯಸ್ಸಾಯಿತಲ್ಲ. ನೀನು ಏನೂ ಯೋಚನೆ ಮಾಡಬೇಡ. ಮುಂದಿನ ತಿಂಗಳ ಮೊದಲ ಬಸ್ಸಿಗೆ ಹೊರಡುತ್ತೇನೆ. ಉಣ್ಣೆಯ ಕಾಲುಚೀಲ ಎರಡು ಜೊತೆ ಹೆಣೆದಿಟ್ಟಿದ್ದೇನೆ.

ಇಂತಿ,
ನಿನ್ನ ಮುಂದೆ ಹೋಗಲಿರುವ
ಅಮ್ಮ

ತಾ.ಕ.: ಓದುತ್ತಿರುವ ಮಗಳೇ, ಇದು ನಿನಗೆ, ಗುಬ್ಬಿಗಲ್ಲ. ಇಲ್ಲಿಂದ ಮನಸ್ಸಿನಲ್ಲೇ ಓದಿಕೋ. ಮಾಸ್ತರ ಹಣೆ ಒಡೆದದ್ದು ಬಾಗಿಲಿನಿಂದಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಯಾರೋ ಸೈಕಲ್ ಒರಗಿಸಿಟ್ಟಿದ್ದರು. ನಾನು ಕಂಡೆ. ಉಸಿರಿತ್ತು, ಕಾಲೂ ಗಟ್ಟಿಯಾಗಿದ್ದವು. ನಿಲ್ಲಿ ಅನ್ನಬೇಕಿತ್ತು, ಹೆದರಿ ಬಾಯಿ ಕಟ್ಟಿಹೋಯಿತು. ಮಾತಿನ ಬದಲು ಕೈ ಚಾಚಿದೆ. ಕಣ್ಣು ಕಟ್ಟಿಕೊಂಡವರಿಗೆ ಕೈ ಎಲ್ಲಿ ಕಾಣಬೇಕು? ಗುಬ್ಬಿಯನ್ನು ನಾನು ಬೆಳೆಸಿದ್ದೂ ಹೀಗೇ. ಗುಂಡಿ ಕಂಡರೆ ಗುಂಡಿ ಅಂದವಳಲ್ಲ, ಅವಳು ಹೆದರಬಾರದು ಅಂತ ಸುಮ್ಮನೆ ತೋಳು ಹಿಡಿದು ಎಳೆದವಳು. ಇಳಿಜಾರಿನಲ್ಲಿ ತೋಳು ಸಿಗುವುದಿಲ್ಲ. ಅವಳಿಗೆ ತಿಳಿಯದ ಹಾಗೆ ತರಬೇತಿಯವರಿಗೆ ಹೇಳಿ ಬೇರೆ ಯಾರನ್ನಾದರೂ ಗೊತ್ತುಮಾಡಿಸು.

ಲಕೋಟೆಗೆ ಹಾಕಿದವಳು ಮತ್ತೆ ಹೊರಗೆ ತೆಗೆದೆ. ಮೇಲಿನದನ್ನು ಓದಿ ನೋಡಿದರೆ, ಈಗಲೂ ಸೈಕಲ್ ಕಂಡು ಬಾಯಿ ಮುಚ್ಚಿಕೊಂಡೇ ಇದ್ದೇನೆ. ಬೇಡ ಮಗಳೇ, ಎಲ್ಲ ಓದಿ ಹೇಳು. ಗಟ್ಟಿಯಾಗಿ ಓದು.

ಗುಬ್ಬೀ, ನಿಲ್ಲು. ಹೆದರಿಕೆಯಾದರೆ ನಿನ್ನ ಅಮ್ಮನಿಗೆ ದನಿ ಬರುವುದಿಲ್ಲ. ಬರಲೋ ಬೇಡವೋ, ನೀನೇ ಹೇಳು. ನಾಳೆಯೂ ಮೆಟ್ಟಿಲಿಗೆ ಹೋಗುತ್ತೇನೆ. ಮಾಸ್ತರು ಟವೆಲ್ ತರುತ್ತಾರಂತೆ.