ಗೂಳಪ್ಪ ಒತ್ತಿದ್ದ ಗುಂಡಿ

ಕಾರ್ಖಾನೆಗಳನ್ನು ತಪಾಸಣೆ ಮಾಡುವ ಸಾಹೇಬರೇ,

ಗೂಳಪ್ಪ ಕೆಂಪು ಗುಂಡಿಯನ್ನು ಒತ್ತಿದ್ದ. ಒತ್ತಲಿಲ್ಲವೆಂದು ನೀವು ಬರೆದಿದ್ದೀರಿ. ನನ್ನ ತಕರಾರು ಇಷ್ಟೇ. ಇದನ್ನೇ ಎರಡು ಸಲ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಎರಡು ಸಲವೂ ನಿಮ್ಮ ಕಚೇರಿಯ ಸಿಕ್ಕಾ ಬಿದ್ದ ಚೀಟಿ ತಿರುಗಿ ಬಂತು, ಉತ್ತರ ಬರಲಿಲ್ಲ. ಲಕೋಟೆ ಓದುವವರು ನಿಮ್ಮಲ್ಲಿ ಇದ್ದಾರೆಂದು ತಿಳಿಯಿತು. ಒಳಗಿನದನ್ನು ಓದುವ ಹುದ್ದೆ ಇನ್ನೂ ಭರ್ತಿಯಾಗಿಲ್ಲವೇನೋ. ಹಾಗಾಗಿ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಚಹಾದ ಜೊತೆಗಾದರೂ ನಿಮ್ಮ ಕಣ್ಣಿಗೆ ಬೀಳಲಿ.

ನಾನು ಬನಹಟ್ಟಿಯ ನೇಕಾರರ ಮನೆಯವನು. ಸಾಲೆ ಐದನೆಯ ಇಯತ್ತೆಗೆ ಮುಗಿಯಿತು. ಸುಟ್ಟ ಮಗ್ಗದ ಮೋಟಾರುಗಳನ್ನು ಬಿಚ್ಚಿ, ಶಾಕ್ ಹೊಡೆಸಿಕೊಂಡು, ವಾಯರಿಂಗ್ ಕೆಲಸ ಕಲಿತೆ. ಇದುವರೆಗೆ ನಾನು ಬರೆದದ್ದೆಲ್ಲ ಬಳಗದವರಿಗೆ: ಇಚಲಕರಂಜಿಯಲ್ಲಿರುವ ತಂಗಿಗೆ, ಸೊಲ್ಲಾಪುರದ ಷಡ್ಡಕರಿಗೆ, ಯಾರಿಗೆ ಕೂಸು ಹುಟ್ಟಿತು, ಯಾರ ಮೊಣಕಾಲು ನೋವು ಹೇಗಿದೆ ಎಂದು. ಸರಕಾರಕ್ಕೆ ಬರೆದು ರೂಢಿಯಿಲ್ಲ. ಮಾತು ಹೆಚ್ಚುಕಡಿಮೆಯಾದರೆ ಹಿರಿಯನೆಂದು ಸಹಿಸಿಕೊಳ್ಳಿ.

ಗೂಳಪ್ಪ ನನ್ನ ಅಣ್ಣನ ಮಗಳು ಶೇವಂತಿಯ ಗಂಡ. ಮೊದಲು ನಮ್ಮ ಓಣಿಯಲ್ಲೇ ಪಾವರ್‌ಲೂಮ್ ನಡೆಸುತ್ತಿದ್ದ. ಆಮೇಲೆ ಮುಧೋಳ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಸೇರಿಕೊಂಡ. ಸಕ್ಕರೆ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಅಲ್ಲಿ ಮಾಡುತ್ತಾರೆ. ಅಲ್ಲಿಯ ಸಾವಕಾರರು ಪುಣೆಯಿಂದ ಹಳೆಯ ಸಿ.ಎನ್.ಸಿ. ಯಂತ್ರವೊಂದನ್ನು ತರಿಸಿದಾಗ ಅದನ್ನು ನಡೆಸಲು ಗೂಳಪ್ಪನನ್ನು ಹಚ್ಚಿದರು, ವಾಯರ್ ಜೋಡಿಸಲು ನನ್ನನ್ನು ಕರೆದರು. ಅಂಕಿಯಲ್ಲಿ ಬರೆದುಕೊಟ್ಟ ಹುಕುಂ ಪ್ರಕಾರ ಆ ಯಂತ್ರದ ಮೇಜು ತಾನೇ ಹಿಂದೆ ಮುಂದೆ ಓಡಾಡುತ್ತದೆ. ಅದಕ್ಕೆ ಕಣ್ಣಿಲ್ಲ. ಮೇಜು ಕೊನೆಗೆ ಬಂದಿತೆಂದು ಲಿಮಿಟ್ ಸ್ವಿಚ್ ಹೇಳಬೇಕು, ಮನುಷ್ಯ ಸಿಕ್ಕಿಬಿದ್ದಾನೆಂದು ಕೆಂಪು ಗುಂಡಿ ಹೇಳಬೇಕು. ಈ ಎರಡೂ ಮಾತು ವಾಯರಿನಲ್ಲಿ ಹೋಗಬೇಕು.

ಅದನ್ನು ಜೋಡಿಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ವಾಯರಿನಲ್ಲಿ ಸದಾ ಕರೆಂಟು ಹರಿಯುತ್ತಿರುತ್ತದೆ. ಗುಂಡಿ ಒತ್ತಿದರೆ ಅದು ಕಡಿಯುತ್ತದೆ, ಯಂತ್ರ ನಿಲ್ಲುತ್ತದೆ. ವಾಯರೇ ಹರಿದರೂ ನಿಲ್ಲುತ್ತದೆ. ಎರಡನೆಯದು ಮನೆಯ ಬಾಗಿಲ ಗಂಟೆಯ ಹಾಗೆ: ಒತ್ತಿದಾಗಷ್ಟೇ ಕರೆಂಟು ಹೋಗಬೇಕು. ವಾಯರ್ ಹರಿದಿದ್ದರೆ ಎಷ್ಟು ಒತ್ತಿದರೂ ಒಳಗೆ ಸುದ್ದಿ ಮುಟ್ಟುವುದಿಲ್ಲ, ಹರಿದದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ನಾನು ಮೊದಲು ಜೋಡಿಸಿದ್ದು ಮೊದಲನೆಯ ರೀತಿಯಲ್ಲಿ. ಆದರೆ ಯಂತ್ರದ ಅದುರುವಿಕೆಗೆ ವಾಯರಿನ ತುದಿ ಸಡಿಲಾಗಿ ದಿನಕ್ಕೆ ನಾಲ್ಕು ಸಲ ಸುಮ್ಮಸುಮ್ಮನೆ ನಿಲ್ಲತೊಡಗಿತು. ಕಬ್ಬಿನ ಹಂಗಾಮು ಹತ್ತಿರ ಬಂದಿತ್ತು.

"ವಿಠೋಬಾ, ಇದೇನು ಯಂತ್ರನೋ ಹೊಸಾ ಸೊಸಿನೋ? ಮಾತಿಗೊಮ್ಮೆ ಮುನಿಸಿಕೊಂಡು ಕುಂದರತೈತಲ್ಲ" ಎಂದರು ಸಾವಕಾರರು.

ನಮ್ಮ ನೇಕಾರರದು ಒಂದು ಹಳೆಯ ಚಾಳಿ ಇದೆ. ಹೊಕ್ಕಿನ ಎಳೆ ಹರಿದರೆ ಮಗ್ಗ ತಾನೇ ನಿಲ್ಲಲೆಂದು ಅದರಲ್ಲಿ ಒಂದು ಸಣ್ಣ ಕವಲುಕಡ್ಡಿ ಇರುತ್ತದೆ. ಕೆಲಸದ ಅವಸರವಿದ್ದಾಗ ಅದನ್ನು ಸುತಳಿಯಿಂದ ಬಿಗಿದು ಕಟ್ಟಿಬಿಡುತ್ತೇವೆ. ಮಗ್ಗ ನಿಲ್ಲುವುದಿಲ್ಲ, ಬಟ್ಟೆಯಲ್ಲಿ ಒಂದು ಬಿರುಕು ಉಳಿಯುತ್ತದೆ, ಅಷ್ಟೇ. ಗೂಳಪ್ಪನಿಗೂ ಅದೇ ನೆನಪಾಯಿತು.

"ಕಾಕಾ, ಮಗ್ಗಕ್ಕ ಕಟ್ಟಿದಂಗ ಇದಕ್ಕೂ ಏನರ ಕಟ್ಟಿಬಿಡ್ರಿ. ನಿಂದ್ರಸಿ ನಿಂದ್ರಸಿ ಸಾಕಾಗೇತಿ."

"ಕಟ್ಟೂದಾದ್ರ ಮೊದಲ ನಿನ್ನ ಬಾಯಿಗೆ ಕಟ್ಟತೇನಿ ಲೇ" ಎಂದೆ. ನಕ್ಕ.

ಮರುದಿನ ನಾನು ವಾಯರುಗಳನ್ನು ಎರಡನೆಯ ರೀತಿಗೆ ಬದಲಿಸಿದೆ. ಯಂತ್ರ ಮತ್ತೆ ಸುಮ್ಮನೆ ನಿಲ್ಲಲಿಲ್ಲ. ಎಲ್ಲರೂ ಭೇಷ್ ಅಂದರು.

ಹತ್ತು ಹದಿನೈದು ದಿನಕ್ಕೆ ನೀವು ತಪಾಸಣೆಗೆ ಬಂದಿರಿ, ನೆನಪಿದೆಯೇ? ನಾನು ಪ್ಯಾನೆಲ್ಲಿನ ಪಕ್ಕದಲ್ಲೇ ನಿಂತಿದ್ದೆ. ಯಂತ್ರದ ಹಿಂಬದಿಯ ಗೋಡೆಯ ಕಡೆಗಿದ್ದ ಕೆಂಪು ಗುಂಡಿಯತ್ತ ಕೈ ಚಾಚಿದಿರಿ. ಸಾವಕಾರರು, "ಸಾಹೇಬ್ರ, ಒತ್ತಬ್ಯಾಡ್ರಿ, ನಡದ ಕೆಲಸ ಕೆಡತೈತಿ" ಎಂದರು. ನೀವು ಕೈ ಹಿಂದಕ್ಕೆ ತೆಗೆದುಕೊಂಡು ಕಾಗದದಲ್ಲಿ ಗುರುತು ಹಾಕಿದಿರಿ. ಗುಂಡಿ ಇದೆ, ಕೆಂಪಾಗಿದೆ, ಕೈಗೆಟಕುತ್ತದೆ. ಸರಕಾರಕ್ಕೆ ಇನ್ನೇನು ಬೇಕು? ಅದು ಕೆಲಸ ಮಾಡುತ್ತದೆಯೇ ಎಂದು ಕೇಳುವ ಕಲಮು ನಿಮ್ಮ ಕಾಗದದಲ್ಲಿ ಇರಲಿಲ್ಲವೇ? ಆ ಹೊತ್ತಿಗೆ ವಾಯರ್ ಹರಿದಿತ್ತೋ ಇಲ್ಲವೋ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀವು ಒತ್ತದೆ ಹೋದದ್ದಕ್ಕೆ ಅವತ್ತು ನನಗೆ ಹಾಯೆನಿಸಿತ್ತು. ಅದನ್ನೂ ಬರೆದುಕೊಳ್ಳಿ.

ಅದಾದ ವಾರಕ್ಕೆ, ಮಧ್ಯಾಹ್ನ ಮೂರರ ಸುಮಾರಿಗೆ, ಗೂಳಪ್ಪ ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಕಬ್ಬಿಣದ ಸಿಪ್ಪೆ ಬಳಿದು ತೆಗೆಯುತ್ತಿದ್ದ. ಅಂಕಿ ತಪ್ಪಿತೋ ಏನೋ, ಮೇಜು ನಿಲ್ಲಬೇಕಾದ ಜಾಗ ದಾಟಿ ಬಂದು ಅವನನ್ನು ಗೋಡೆಗೆ ಒತ್ತಿತು. ಆಚೆ ಬದಿಯಲ್ಲಿದ್ದವರು ಓಡಿ ಹೋಗಿ ಮೇನ್ ಸ್ವಿಚ್ ಇಳಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಜಮಖಂಡಿಯ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಯಿತು.

ಮರುದಿನ ನನ್ನನ್ನು ಕರೆದರು. ನಾನು ಆ ಸಂದಿಗೆ ಹೋದೆ. ಈ ಗುಂಡಿಗಳ ಗುಣ ನಿಮಗೆ ತಿಳಿದಿರಬೇಕು: ಒತ್ತಿದರೆ ಒಳಗೇ ಕೂತಿರುತ್ತವೆ, ಬಲಕ್ಕೆ ತಿರುವಿದರೆ ಹೊರಗೆ ಬರುತ್ತವೆ. ಗುಂಡಿ ಒಳಗೆ ಕೂತಿತ್ತು, ಸಾಹೇಬರೇ. ಪೂರ್ತಿ ಒಳಗೆ. ಅದರ ಸುತ್ತ ಎಣ್ಣೆಯ ಬೆರಳಚ್ಚು ಇತ್ತು, ಒಂದರ ಮೇಲೊಂದು, ಮತ್ತೆ ಮತ್ತೆ ಒತ್ತಿದ ಹಾಗೆ. ನಿಂತ ಯಂತ್ರದ ಹತ್ತಿರ ಹೋದ ಯಾವ ವಾಯರಮನ್ ಆದರೂ ಮೊದಲು ಮಾಡುವುದು ಒಂದೇ ಕೆಲಸ: ಕೆಂಪು ಗುಂಡಿಯನ್ನು ತಿರುವಿ ಬಿಡುವುದು. ಮೂವತ್ತು ವರ್ಷದ ರೂಢಿ. ನನ್ನ ತಲೆ ಯೋಚಿಸುವ ಮೊದಲೇ ಕೈ ತಿರುವಿತು. ಟಕ್ ಎಂದಿತು. ಅಂಗಿಯ ತೋಳಿನಿಂದ ಎಣ್ಣೆಯನ್ನೂ ಒರೆಸಿದೆ. ಆಮೇಲೆ ಮೇಜಿನ ಕೆಳಗಿನ ವಾಯರಿನ ಕೊಳವೆ ಬಿಚ್ಚಿದೆ. ಲಿಮಿಟ್ ಸ್ವಿಚ್ಚಿಗೂ ಆ ಗುಂಡಿಗೂ ಕೂಡಿಯೇ ಹೋಗುತ್ತಿದ್ದ ಒಂದು ವಾಯರ್, ಮೇಜಿನ ಓಡಾಟಕ್ಕೆ ಬಾಗಿ ಬಾಗಿ ಒಳಗೆ ತುಂಡಾಗಿತ್ತು. ಮೇಲಿನ ರಬ್ಬರು ಮಾತ್ರ ನೆಟ್ಟಗಿತ್ತು. ನಾನೇನು ಮಾಡಿದೆ ಎಂಬುದು ನನಗೆ ಹೊಳೆದದ್ದು ಆಗ.

ಎರಡು ದಿನದ ಮೇಲೆ ನೀವು ಬಂದಿರಿ. ಹೊರಗೆ ಬಂದು ಕೂತಿದ್ದ ಗುಂಡಿಯನ್ನು ನೋಡಿದಿರಿ. ನಾನು ಅಲ್ಲೇ ನಿಂತಿದ್ದೆ. ನಾನಾಗಿ ಹೇಳಲಿಲ್ಲ, ನೀವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ? ದಿನಾ ಈ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈಗ ಗಿರಣಿಗೆ ಹೋದರೂ ಪಂಪ್‌ಸೆಟ್ಟಿನ ಹತ್ತಿರ ಹೋದರೂ ಕೆಂಪು ಗುಂಡಿ ಕಂಡರೆ ಬಲಗೈ ಜೇಬಿಗೆ ಹೋಗುತ್ತದೆ. ನಮ್ಮ ಓಣಿಯಲ್ಲಿ ನೂರು ಮಗ್ಗಗಳ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ನನಗೆ ಮಾತ್ರ ಆ ಸದ್ದಿನೊಳಗೆ ಟಕ್ ಎಂಬುದೊಂದು ಕೇಳುತ್ತಲೇ ಇರುತ್ತದೆ.

ನಿಮ್ಮ ವರದಿಯ ನಕಲು ಶೇವಂತಿಗೆ ಬಂತು. ಬಳಗದ ಕಾಗದ ಓದುವವನು ನಾನೇ ತಾನೆ, ಅವಳು ನನ್ನ ಹತ್ತಿರವೇ ತಂದಳು. ನಾನೇ ಓದಿದೆ: "ಕಾರ್ಮಿಕನು ಕೈಗೆಟಕುವ ಅಂತರದಲ್ಲಿದ್ದ ತುರ್ತು ನಿಲುಗಡೆ ಗುಂಡಿಯನ್ನು ಒತ್ತದೆ ನಿರ್ಲಕ್ಷ್ಯ ತೋರಿರುವುದೇ ಅಪಘಾತಕ್ಕೆ ಕಾರಣವಾಗಿರುತ್ತದೆ." ಎಂಥ ಚೊಕ್ಕ ವಾಕ್ಯ. ಟೈಪಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.

ಆ ವಾಕ್ಯ ಆ ಮನೆಯಲ್ಲಿ ಏನು ಮಾಡಿತು ಗೊತ್ತೇ? ಗೂಳಪ್ಪನ ತಾಯಿ ಅನಸವ್ವ ಸೊಸೆಯನ್ನು ಕೇಳಿದಳು: "ಬದುಕೋ ಮನಸ್ಸಿದ್ದವ ಒತ್ತತಿದ್ದಿಲ್ಲೇನು? ಅವತ್ತ ಮುಂಜಾನಿ ಮನ್ಯಾಗ ಏನ ಅಂದು ಕಳಿಸಿದ್ದಿ ಅವಗ?"

ಶೇವಂತಿ ನನ್ನ ಹತ್ತಿರ ಬಂದು ಹೇಳಿದಳು: "ಕಾಕಾ, ಅವತ್ತ ನಾ ಅವರ ಜೋಡಿ ಮಾತು ಬಿಟ್ಟಿದ್ನಿ. ಸಣ್ಣ ಮಾತಿಗೆ. ರೊಟ್ಟಿ ಗಂಟು ಇಲ್ಲೇ ಬಿಟ್ಟು ಹ್ವಾದ್ರು. ಅದಕ್ಕ ಒತ್ತಲಿಲ್ಲೇನ್ರಿ?"

ಆಗಲೂ ನಾನು ಸುಮ್ಮನಿದ್ದೆ. ಕಾರ್ತಿಕದಿಂದ ಶ್ರಾವಣದವರೆಗೆ ಸುಮ್ಮನಿದ್ದೆ. ಅವಳು ದಿನಕ್ಕೊಂದು ಹೊತ್ತು ಮಾತ್ರ ಉಣ್ಣುತ್ತಾಳೆಂದು ಗೊತ್ತಾದ ಮೇಲೆ ಹೋಗಿ ಎಲ್ಲವನ್ನೂ ಹೇಳಿದೆ: ವಾಯರು, ಗುಂಡಿ, ಎಣ್ಣೆ ಒರೆಸಿದ್ದು. ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು.

"ನನ್ನ ಸಮಾಧಾನಕ್ಕಂತ ಎಲ್ಲಾ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ಕಾಗದದಾಗ ಹಂಗಿಲ್ಲಲ್ರಿ ಕಾಕಾ. ನೀವ ಓದಿ ಹೇಳಿದ್ರಿ."

ನೋಡಿದಿರಾ ನಿಮ್ಮ ಸಿಕ್ಕಾದ ಬಲ? ಕಣ್ಣಾರೆ ಕಂಡವನ ಮಾತಿಗಿಂತ, ಕಾಣದೆ ಬರೆದವರ ಕಾಗದ ಅವಳಿಗೆ ಖರೆ. ಅವಳ ತಪ್ಪಲ್ಲ. ಸರಕಾರ ನೋಡಿಯೇ ಬರೆಯುತ್ತದೆಂದು ನಂಬುವವರು ನಮ್ಮ ಕಡೆ ಇನ್ನೂ ಇದ್ದಾರೆ.

ನನ್ನ ಬೇಡಿಕೆ ಹೀಗಿದೆ. ಆ ವರದಿಯನ್ನು ಮತ್ತೆ ತೆರೆಯಿರಿ, ನನ್ನ ಹೇಳಿಕೆ ಬರೆದುಕೊಳ್ಳಿರಿ. ಹರಿದ ವಾಯರಿನ ತುಂಡನ್ನು ಜೋಪಾನ ಮಾಡಿದ್ದೇನೆ, ತರುತ್ತೇನೆ. ವಾಯರ್ ಬದಲಿಸಿದವನು, ಗುಂಡಿ ತಿರುವಿದವನು ವಿಠೋಬಾ ಎಂದು ಬರೆಯಿರಿ. ಅದಕ್ಕೆ ಕಾಯಿದೆ ಏನು ಹೇಳುತ್ತದೋ ಅದು ಆಗಲಿ. ಒತ್ತಿ ನೋಡದೆ ಗುರುತು ಹಾಕಿದವರು ಯಾರೆಂದೂ ಬರೆಯುವ ಧೈರ್ಯವಿದ್ದರೆ ಬರೆಯಿರಿ. ಇನ್ನು ಮುಂದೆ ಯಾವ ಕಾರ್ಖಾನೆಗೆ ಹೋದರೂ ಕೆಲಸ ಕೆಟ್ಟರೆ ಕೆಡಲಿ, ಒತ್ತಿ ನೋಡಿ, ವಾಯರ್ ಬಿಚ್ಚಿಸಿಯೂ ನೋಡಿ.

ಇದೆಲ್ಲ ಆಗದಿದ್ದರೆ ಒಂದನ್ನಾದರೂ ಮಾಡಿ. "ಗೂಳಪ್ಪ ಗುಂಡಿ ಒತ್ತಿದ್ದನು, ಯಂತ್ರ ನಿಲ್ಲಲಿಲ್ಲ" ಎಂದು ಒಂದು ಕಾಗದದ ಮೇಲೆ ಟೈಪು ಮಾಡಿಸಿ, ಸಿಕ್ಕಾ ಹಾಕಿ. ಅಂಚೆಗೆ ಹಾಕಬೇಡಿ, ಹಾಕಿದರೆ ಅವಳು ಅದನ್ನು ಓದಿಸಲು ನನ್ನ ಹತ್ತಿರವೇ ತರುತ್ತಾಳೆ, ನನ್ನ ಬಾಯಿಂದ ಬಂದರೆ ನಂಬುವುದಿಲ್ಲ. ನೀವೇ ಬನಹಟ್ಟಿಗೆ ಬಂದು, ಅನಸವ್ವನನ್ನೂ ಕೂಡಿಸಿಕೊಂಡು, ಓದಿ ಹೇಳಿ. ಶೇವಂತಿ ಇನ್ನೊಮ್ಮೆ ಓದಿರಿ ಎಂದರೆ ಇನ್ನೊಮ್ಮೆ ಓದಿ.

ಇಂತಿ,
ನಿಮ್ಮ ವರದಿಯಲ್ಲಿ ಹೆಸರು ಬಾರದೆ ಉಳಿದುಹೋದ
ವಿಠೋಬಾ, ವಾಯರಮನ್
ಬನಹಟ್ಟಿ