ಸಂಚಿಯ ಗುಳಿಗೆ

ಜೋರಾಪುರ ಪೇಟೆ, ವಿಜಯಪುರ
೨೨ ಫೆಬ್ರುವರಿ ೨೦೨೫

ಮುದ್ದಿನ ಅನುಜಾಳಿಗೆ ನಿನ್ನ ಆಯಿಯ ಆಶೀರ್ವಾದಗಳು.

ಹೇಗಿದ್ದೀ? ಆ ಹಾಸ್ಟೆಲಿನ ನೀರುಸಾರು ಉಂಡು ಸೊರಗಿದ್ದೀಯೋ ಏನೋ. ಕಣ್ಣುರಿ ಕಡಿಮೆಯಾಯಿತೇ? ಕಂಪ್ಯೂಟರ್ ಬಿಟ್ಟು ನಡುನಡುವೆ ಕಿಟಕಿಯ ಹೊರಗೂ ನೋಡು. ಪಕ್ಕದ ಮನೆಯ ಧೀರೇಂದ್ರ ನಾಳೆ ಮೈಸೂರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಶೇಂಗಾ ಚಟ್ನಿಯ ಜೊತೆ ಈ ಪತ್ರವನ್ನೂ ಕೊಡುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬಾಯಿ ತೆರೆಯುವ ಮೊದಲೇ ನನಗೆ ಅಳು ಬರುತ್ತದೆ, ನೀನು ಗಾಬರಿಯಾಗುತ್ತೀ. ಅದಕ್ಕೇ ಮೊದಲು ಇದನ್ನು ಓದು: ಅಜ್ಜ ಬದುಕಿದ್ದಾರೆ, ನಿನ್ನೆ ಮನೆಗೆ ಬಂದಿದ್ದಾರೆ, ಗಂಜಿ ಕೊಟ್ಟರೆ ಮುಖ ತಿರುಗಿಸುವಷ್ಟು ಶಕ್ತಿ ಬಂದಿದೆ.

ಕಳೆದ ರವಿವಾರ ಅಜ್ಜ ಟಿಕೋಟಾದಿಂದ ಬಂದವರೇ ಅಂಗಳದ ಕಲ್ಲಿನ ಮೇಲೆ ಕಾಲು ತೊಳೆಯಲು ಬಗ್ಗಿದ್ದೇ ತಡ, ರಕ್ತ ಕಾರಿಕೊಂಡರು. ಆ ಕಲ್ಲಿನ ಕಡೆ ನೋಡಲು ಈಗಲೂ ಧೈರ್ಯವಿಲ್ಲ. ಗೋಳಗುಮ್ಮಟದ ಹತ್ತಿರದ ಆಸ್ಪತ್ರೆಗೆ ಧೀರೇಂದ್ರನೇ ಕರೆದೊಯ್ದ. ಅಲ್ಲಿ ಡಾಕ್ಟರರು, 'ರಕ್ತ ತೆಳು ಮಾಡೋ ಗುಳಿಗಿ ಮ್ಯಾಲ ನೋವಿನ ಗುಳಿಗಿ ಏನರ ಕೊಟ್ಟೀರೇನ್ರಿ?' ಎಂದು ಕೇಳಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. 'ನಮ್ಮ ಮೊಮ್ಮಗಳು ಇದರಾಗ ಪಿಎಚ್‌ಡಿ ಮಾಡಾಕತ್ತಾಳ್ರಿ. ಎಲ್ಲಾ ಗುಳಿಗಿ ಆಕೀನ ತಪಾಸ ಮಾಡ್ಯಾಳ' ಎಂದು ಜಬರಿಸಿದೆ. ದೀಪಾವಳಿಗೆ ಬಂದಾಗ ಅಜ್ಜನ ಹೃದಯದ ಗುಳಿಗೆಗಳ ಹೆಸರನ್ನೆಲ್ಲ ನೀನೇ ಕಂಪ್ಯೂಟರಿಗೆ ಹಾಕಿ ತೋರಿಸಿದ್ದೆಯಲ್ಲ? ಲಕ್ಷಾಂತರ ರೋಗಿಗಳ ದಾಖಲೆ ಜಾಲಾಡಿ, ಯಾವ ಔಷಧದ ಜೊತೆ ಯಾವುದು ಸೇರಿದರೆ ಅಪಾಯವೆಂದು ಅದು ಮೊದಲೇ ಹೇಳುತ್ತದೆ ಅಂದಿದ್ದೆ. ನಮ್ಮ ಪಾಲಿಗೆ ಹಸಿರು ಬಂದಿತ್ತು, ಅಪಾಯವಿಲ್ಲವೆಂದು. ಆ ಹಸಿರಿನ ಸುದ್ದಿಯನ್ನು ಪೇಟೆ ತುಂಬ ಹೇಳಿಕೊಂಡು ತಿರುಗಿದವಳು ನಾನು.

ಆಗ ಹಾಸಿಗೆಯಿಂದ ಅಜ್ಜ ಕಳ್ಳಬೆಕ್ಕಿನ ಹಾಗೆ ದನಿ ತೆಗೆದರು. 'ಭಾಗಪ್ಪ ಕೊಟ್ಟಿದ್ದ, ಮೊಣಕಾಲಿಗೆ.' ಬಬಲೇಶ್ವರದ ಕಚೇರಿಯಲ್ಲಿ ಇವರ ಪಕ್ಕದ ಕುರ್ಚಿಯವನು, ನೌಕರಿ ಮುಗಿಯುವ ತನಕ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡವರು. ಈಗಲೂ ರವಿವಾರ ಬಂತೆಂದರೆ ಇವರಿಗೆ ಅವನ ಊರು ಟಿಕೋಟಾದ ಬಸ್ಸೇ ಗತಿ. ಭಾಗಪ್ಪನ ಎಲೆಅಡಿಕೆ ಸಂಚಿಯ ಒಂದು ಪದರದಲ್ಲಿ ಎಲೆ, ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ನೋವಿನ ಗುಳಿಗೆ. ಸುಣ್ಣ ಹಚ್ಚಿದ ಎಲೆ ಕೊಟ್ಟ ಕೈಯಲ್ಲೇ ಗುಳಿಗೆಯನ್ನೂ ಕೊಡುತ್ತಾನಂತೆ. ನಾನು ಬಾಯಿಗೆ ಬಂದಂತೆ ಬೈದೆ. ಇವರದು ಒಂದೇ ಮಾತು: 'ಸಂಚಿ ಬಿಚ್ಚಿ ಕೊಟ್ಟದ್ದನ್ನ ಒಲ್ಲೆ ಅನ್ನಾಕ ಬರ್ತೈತೇನು?' ಭಾಗಪ್ಪನಿಗೆ ತಿಳಿಸಿದರೆ ಪಾಪ ಕೊರಗುತ್ತಾನೆಂದು ನನ್ನಿಂದ ಆಣೆಯನ್ನೂ ಹಾಕಿಸಿಕೊಂಡಿದ್ದಾರೆ.

ನಿನ್ನದು ತಪ್ಪೆಂದು ಬರೆಯುತ್ತಿಲ್ಲ, ಕಂದಾ. ನಿನ್ನ ಯಂತ್ರ ಡಾಕ್ಟರರ ಚೀಟಿ ನೋಡಿತು. ಇಲ್ಲಿ ಗುಳಿಗೆ ಕೊಡುವವರು ಡಾಕ್ಟರರು ಮಾತ್ರವೇ? ಪ್ರೀತಿಯಿಂದ ಕೊಟ್ಟದ್ದು ಮನುಷ್ಯನನ್ನು ಕೊಲ್ಲಬಹುದು ಎನ್ನುವುದು ಇಷ್ಟು ವಯಸ್ಸಾದರೂ ನನಗೆ ಹೊಳೆದಿರಲಿಲ್ಲ. ಆ ಹೆದರಿಕೆ ಇನ್ನೂ ಇಳಿದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಹಿಡಿದ ಕೆಲಸ ಮುಗಿಸಿ ನಗುತ್ತ ಮನೆಗೆ ಬಾ. ಚಟ್ನಿಯನ್ನು ಗೆಳತಿಯರಿಗೂ ಕೊಡು.

ನಿನ್ನ ಆಯಿ,
ಸಖೂಬಾಯಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ಡಾಕ್ಟರರು ಸದ್ಯ ನಿಲ್ಲಿಸಿದ ರಕ್ತ ತೆಳು ಮಾಡುವ ಗುಳಿಗೆಗಳನ್ನು ಎತ್ತಿಡಲು ಹೋದೆ. ಹೊಸದಾಗಿ ತಂದ ಡಬ್ಬಿ, ಆಗಲೇ ಅರ್ಧ ಖಾಲಿ. ಕೇಳಿದರೆ ಅಜ್ಜ, 'ನಾನೂ ಭಾಗಪ್ಪಗ ಕೊಟ್ಟೇನಿ. ಬರೇ ಇಸಗೊಂಡು ಬರಾಕ ಆಗ್ತೈತೇನು? ಹೃದಯಕ್ಕ ಭಾಳ ಛಲೋ ಅದಾವ, ದಿನಾ ನುಂಗು ಅಂತ ಹೇಳೇನಿ' ಅಂದರು. ಅನೂ, ಭಾಗಪ್ಪನಿಗೆ ಹೃದಯದ ಕಾಯಿಲೆಯೇ ಇಲ್ಲ, ನೋವಿನ ಗುಳಿಗೆಯನ್ನಂತೂ ಅವನು ದಿನವೂ ನುಂಗುತ್ತಾನೆ. ಆಣೆ ಮುರಿದು ಫೋನ್ ಮಾಡಿದೆ. ಅವನ ಸೊಸೆ ನೀಲಾ ಎತ್ತಿದಳು: 'ಮಾವಾರು ನಿನ್ನಿಯಿಂದ ಹೊಟ್ಟಿ ಹಿಡಕೊಂಡು ಮಲಗ್ಯಾರ್ರಿ. ಈಗಷ್ಟ ಗುಳಿಗಿ ತಗೊಂಡ್ರು, ಎರಡೂ.' ಕೂಡಲೇ ಆಸ್ಪತ್ರೆಗೆ ಒಯ್ಯಿ ಎಂದು ಕೂಗಿ ಹೇಳಿದ್ದೇನೆ. ಧೀರೇಂದ್ರ ಕಾರು ತೆಗೆಯುತ್ತಿದ್ದಾನೆ, ನಾನೂ ಟಿಕೋಟಾಕ್ಕೆ ಹೊರಟೆ. ನಿನ್ನ ಕಂಪ್ಯೂಟರಿನಲ್ಲಿ ಇವರಿಬ್ಬರನ್ನೂ ಒಬ್ಬನೇ ಮನುಷ್ಯನೆಂದು ಬರೆದುಕೋ.