ತೊಳೆಯದ ಏರ್‌ಬ್ರಷ್

ಭಾನುವಾರ, ಮಾರ್ಚ್ ೧೪

ಮುದ್ದಿನ ಮಗಳಿಗೆ ಅಮ್ಮನ ನೂರು ಆಶೀರ್ವಾದ.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಬೆರಳ ತುಂಬ ಬಣ್ಣ, ಪೆನ್ನು ಹಿಡಿದರೆ ಕಾಗದವೆಲ್ಲ ಮಸಿ. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಮೊದಲೇ ಬಂತಾ ಅಮ್ಮಾ" ಎಂದು ಕೇಳಿದ್ದೀಯ. ಬಂದಿರಲೂಬಹುದು. ಆದರೆ ನಿನ್ನ ತಮ್ಮ ತೀರಿಕೊಂಡ ಮೇಲೆ, ಗಾಳಿಯಲ್ಲಿ ಬಣ್ಣ ಚಿಮ್ಮಿಸುವ ಅವನ ಏರ್‌ಬ್ರಷ್ ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವುದನ್ನು ನನ್ನಿಂದ ನೋಡಲಾಗಲಿಲ್ಲ. ಜೀವಮಾನವಿಡೀ ಬಟ್ಟೆ ಹೊಲಿದವಳು ನಾನು. ಆ ಬ್ರಷ್ಷಿನ ಹೊಟ್ಟೆಯಲ್ಲಿರುವುದೂ ಒಂದು ಸೂಜಿಯೇ, ಕಲಿತರಾಯಿತು ಎಂದುಕೊಂಡೆ.

ಅವನು ಕೆಲಸ ಮಾಡುತ್ತಿದ್ದ ಗ್ಯಾರೇಜಿಗೇ ಹೋದೆ. ಬೈಕಿನ ಟ್ಯಾಂಕುಗಳ ಮೇಲೆ ಚಿತ್ರ ಬರೆಯುವ ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಅವನ ಸ್ಟೂಲನ್ನೇ ಒರೆಸಿ ಕೊಟ್ಟರು. ಮೊದಲ ದಿನ ಕಪ್ಪು ಬಣ್ಣ ಹಾಕಿ ಗುಂಡಿ ಒತ್ತಿದೆ. ಬಂದದ್ದು ನೀಲಿ. ಒಳಗೆ ಒಣಗಿಕೊಂಡಿದ್ದ ಅವನ ಕೊನೆಯ ಬಣ್ಣ ಕರಗಿ ಬಂದಿತ್ತು.

"ಬಿಚ್ಚಿ ಥಿನ್ನರ್‌ನಲ್ಲಿ ತೊಳೀರಿ, ಇಲ್ಲಾಂದ್ರೆ ಉಗುಳ್ತಾನೇ ಇರುತ್ತೆ" ಎಂದರು ಮೇಷ್ಟ್ರು. ಹ್ಞೂಂ ಎಂದೆ, ತೊಳೆಯಲಿಲ್ಲ. ತೊಳೆದರೆ ಆ ನೀಲಿ ಹೋಗುತ್ತದಲ್ಲ.

ಹೀಗಾಗಿ ನಾನು ಎಳೆದ ಗೆರೆಗಳೆಲ್ಲ ಜೇಡರಹುಳುವಿನ ಕಾಲು. ಸಾಕಪ್ಪಾ, ಬಿಟ್ಟುಬಿಡೋಣ ಅನ್ನಿಸಿದಾಗಲೆಲ್ಲ, ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ, ಬಲಗಿವಿಯ ಹತ್ತಿರ ಅವನ ದನಿ ಕೇಳುತ್ತಿತ್ತು. "ಅಮ್ಮಾ, ಗಾಳಿ ಮೊದಲು, ಬಣ್ಣ ಆಮೇಲೆ. ಎಷ್ಟು ಸಲ ಹೇಳೋದು ನಿಂಗೆ?" ಅದೇ ಸಿಡುಕು. ಕೆನ್ನೆಗೆ ಉಸಿರು ತಾಗಿದಂತೆ ಆಗುತ್ತಿತ್ತು. ಹೆದರಿಕೆ ಆಯಿತೇ ಎಂದರೆ, ಆಯಿತು. ಆದರೂ ಮಾರನೆಯ ದಿನ ಬಾಗಿಲು ತೆಗೆಯುವ ಮೊದಲೇ ಗ್ಯಾರೇಜಿನ ಮುಂದೆ ಹೋಗಿ ನಿಂತಿರುತ್ತಿದ್ದೆ. ಈ ವಯಸ್ಸಿನಲ್ಲಿ ಇಷ್ಟು ಹುರುಪು ಎಲ್ಲಿಂದ ಬರುತ್ತದೆ ಎಂದು ಅಲ್ಲಿಯವರು ಕೇಳುತ್ತಿದ್ದರು. ನಾನು ನಕ್ಕು ಸ್ಟೂಲು ಎಳೆದುಕೊಂಡು ಕೂರುತ್ತಿದ್ದೆ.

ಹೋದ ವಾರ ಜ್ವರ ಬಂದು ಮಲಗಿದ್ದೆ. ಆಗ ಮೇಷ್ಟ್ರು, ಪಾಪ, ಉಪಕಾರವಾಗಲಿ ಎಂದೇ ನಾನು ಅಲ್ಲೇ ಬಿಟ್ಟುಬಂದಿದ್ದ ಏರ್‌ಬ್ರಷ್ ಬಿಚ್ಚಿ, ತೊಳೆದು, ಹೊಸ ಸೂಜಿ ಹಾಕಿಟ್ಟಿದ್ದರು. ಜ್ವರ ಬಿಟ್ಟು ಹೋದವಳು ಮೂತಿಯೊಳಗೆ ಇಣುಕಿದೆ, ನೀಲಿಯ ಒಂದು ಚುಕ್ಕೆಯೂ ಇರಲಿಲ್ಲ. ಅವತ್ತೇ ಗೆರೆ ಕೂದಲೆಳೆಯಷ್ಟು ಸಣ್ಣಗೆ, ನೆಟ್ಟಗೆ ಬಂತು. "ಕೈ ಪಳಗ್ತು ನೋಡಿ ಅಕ್ಕ. ಇನ್ನು ನಿಮಗೆ ಯಾರೂ ಹೇಳ್ಕೊಡೋದು ಬೇಕಾಗಿಲ್ಲ" ಎಂದರು. ಗಿರಾಕಿಯೊಬ್ಬನ ಹೆಲ್ಮೆಟ್ಟಿನ ಮೇಲೆ ಬೆಂಕಿಯ ನಾಲಗೆ ಬರೆಯುವ ಕೆಲಸವನ್ನೂ ಒಪ್ಪಿಸಿದ್ದಾರೆ. ನೀನೂ ಖುಷಿಪಡು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೊಮ್ಮಗಳ ಎರಡೂ ಕೆನ್ನೆಗೆ ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಮ್ಮ

ಮತ್ತೊಂದು ಮಾತು. ಗೆರೆ ನೆಟ್ಟಗಾದ ದಿನದಿಂದ ಅವನು ಮಾತಾಡಿಲ್ಲ. ನಿನ್ನೆ ಮೇಷ್ಟ್ರು ಊಟಕ್ಕೆ ಹೋದಾಗ ಬೇಕೆಂದೇ ತಪ್ಪು ಮಾಡಿದೆ. ಬಣ್ಣ ಮೊದಲು ಬಿಟ್ಟೆ, ಗಾಳಿ ಆಮೇಲೆ. ಹಾಳೆಯೆಲ್ಲ ರಾಡಿಯಾಯಿತು. ಇನ್ನೊಮ್ಮೆ ಮಾಡಿ, ಕಿವಿಗೊಟ್ಟು ಕೂತೆ. ಯಾರೂ ಬಯ್ಯಲಿಲ್ಲ ಮಗಳೇ.